ದನಿ ಒಡೆಯುವ ಜಾಗ

ನಮ್ಮೂರ ಭಜನಾ ಮೇಳದಲ್ಲಿ ಪೇಟಿ ಯಾವಾಗಲೂ ಕಾಳಿ ಎರಡರಲ್ಲೇ ಶುರು. ಕರಾವಳಿಯ ಗೆಳೆಯರು ಕಪ್ಪು ಎರಡು ಅನ್ನುವುದನ್ನೇ ನಮ್ಮ ಕಡೆ ಕಾಳಿ ಎರಡು ಅನ್ನುತ್ತೇವೆ. ಹಾರ್ಮೋನಿಯಂನಲ್ಲಿ ಕರಿ ಮನೆಗಳು ಒಂದು ಕಡೆ ಜೋಡಿಯಾಗಿ, ಇನ್ನೊಂದು ಕಡೆ ಮೂರು ಸೇರಿ ಇರುತ್ತವಲ್ಲ, ಆ ಜೋಡಿಯಲ್ಲಿ ಎರಡನೆಯದು. ಅದನ್ನೇ ‘ಸಾ’ ಅಂತ ಹಿಡಿದು ಶರೀಫರ ಪದವಾಗಲಿ, ವಚನವಾಗಲಿ, ಎಲ್ಲವನ್ನೂ ಹಾಡುವುದು. ಅಪ್ಪಂದಿರ ಕಾಲದಿಂದ ಹೀಗೇ ನಡೆದು ಬಂದಿದೆ. ಪೇಟಿ ಸ್ವಲ್ಪ ಇಳಿಸೋಣ ಅಂದರೆ, “ಯಾಕ್ರಲೇ, ಗಂಡಸ್ರ ಹೌದಲ್ಲೋ ನೀವು?” ಅಂತ ಕಟ್ಟೆ ಮೇಲಿನವರು ನಗುತ್ತಾರೆ.

ಮೇಳದಲ್ಲಿ ನಾವು ಹಿಂದಿನ ಸಾಲಿನ ನಾಲ್ವರು. ಒಬ್ಬ ಬಸ್ ಕಂಡಕ್ಟರ್, ಒಬ್ಬ ಶೇಂಗಾ ವ್ಯಾಪಾರದವ, ಒಬ್ಬ ಹೊಲ ಮಾಡುವವ, ಇನ್ನೊಬ್ಬ ಪತ್ರಿಕೆಗೆ ಸುದ್ದಿ ಕಳಿಸುವವ. ಇದನ್ನು ಮೊಬೈಲಿನಲ್ಲಿ ಒತ್ತುತ್ತಿರುವುದು ಆ ನಾಲ್ಕನೆಯವನ ಬೆರಳು. ನಮ್ಮ ಮುಂದೆ ಕಾಕಾ ಕೂರುತ್ತಾರೆ. ಸೊಲ್ಲು ಎತ್ತುವುದು ಅವರು, ಹಿಂದೆ ಹಿಡಿಯುವುದು ನಾವು. ಪದದ ನುಡಿ ಮೇಲಕ್ಕೆ ಏರುವ ಜಾಗ ಬಂದಾಗ ನಾವು ಬಾಯಿ ಮುಚ್ಚಿ ತಾಳ ಹಾಕುತ್ತೇವೆ, ಕಾಕಾ ಒಬ್ಬರೇ ಮೇಲೆ ಹೋಗಿ ಇಳಿದು ಬರುತ್ತಾರೆ. ಮೂವತ್ತು ವರ್ಷದಿಂದ ಊರು ಕೇಳಿದ್ದು ಇದನ್ನೇ.

ಹೋದ ಶ್ರಾವಣದಲ್ಲಿ ದಿನಾ ರಾತ್ರಿ ಭಜನೆ. ಅಮಾವಾಸ್ಯೆ ಬರುವ ಹೊತ್ತಿಗೆ ಕಾಕಾನ ಗಂಟಲು ಕಟ್ಟಿತು. ತಂಡಿ ಇರಬೇಕು ಅಂದರು. ದಸರಾ ಹೋಯಿತು, ದೀಪಾವಳಿ ಬಂತು, ಗಂಟಲು ಬಿಡಲಿಲ್ಲ. ಮಾತಾಡಿದರೆ ಒಡೆದ ಮಡಕೆಯ ಸದ್ದು. ಪಕ್ಕದ ಊರಿನ ಮೇಳ ನಿಂತದ್ದು ಹೀಗೇ. ಮುಂದಿನ ಸಾಲಿನ ಅಜ್ಜ ಹೋದ ಮೇಲೆ ಮೇಲಿನ ಸ್ವರ ಮುಟ್ಟುವವರು ಯಾರೂ ಇರಲಿಲ್ಲ. ಈಗ ಅಲ್ಲಿ ಗುಡಿಯ ಮೂಲೆಯಲ್ಲಿ ಸ್ಪೀಕರ್ ಇದೆ, ಪೆನ್‌ಡ್ರೈವ್ ಹಾಡುತ್ತದೆ. ತಾಳ, ದಮ್ಮಡಿ ಎಲ್ಲ ಪೂಜಾರಿಯವರ ಅಟ್ಟದ ಮೇಲೆ.

ಹಾಗಾಗಿ ನಮಗೆ ಮೇಲಿನ ಸ್ವರ ಬೇಕಾಯಿತು. ಹವ್ಯಾಸಕ್ಕಲ್ಲ, ಜರೂರಿಗೆ.

ಮೊದಲು ನಮ್ಮ ದನಿ ಎಲ್ಲಿ ಒಡೆಯುತ್ತದೆ ಅಂತ ನೋಡಿಕೊಂಡೆವು. ಮೊಬೈಲಿನಲ್ಲಿ ಸ್ವರ ಅಳೆಯುವ ಪುಕ್ಕಟೆ ಆ್ಯಪ್‌ಗಳಿವೆ. ಹಾಡಿದರೆ ಸೆಕೆಂಡಿಗೆ ಎಷ್ಟು ಕಂಪನ ಅಂತ ತೋರಿಸುತ್ತವೆ. ಕಾಳಿ ಎರಡರ ಕೆಳಗಿನ ‘ಸಾ’ ಸುಮಾರು 156. ಮೇಲಿನ ‘ಸಾ’ ಅದರ ದುಪ್ಪಟ್ಟು, 311. ಅದಕ್ಕೂ ಮೇಲಿನ ‘ಗ’ 392. ನಮ್ಮ ಪದಗಳ ನುಡಿ ಹೆಚ್ಚಾಗಿ ಏರುವುದು ಆ ‘ಗ’ದ ತನಕ. ನಾಲ್ವರೂ ಹಾಡಿ ನೋಡಿದೆವು. ಮೇಲಿನ ‘ಸಾ’ ಸಲೀಸು, ಅದರ ಪಕ್ಕದ ಒಂದು ಮನೆ, 330ರ ಹತ್ತಿರ, ಕಷ್ಟಪಟ್ಟು ಬರುತ್ತದೆ. ಆಮೇಲೆ ದನಿ ಪಟ್ಟನೆ ಎರಡು ತುಂಡಾಗಿ, ಹೆಂಗಸರ ದನಿಯ ಹಾಗೆ ತೆಳ್ಳಗೆ ಹಾರಿಬಿಡುತ್ತದೆ. ಶೇಂಗಾ ವ್ಯಾಪಾರದವನಿಗೆ ಅರ್ಧ ಮನೆ ಕಡಿಮೆಯೇ.

ಇದು ನಮ್ಮ ನಾಲ್ವರ ಶಾಪವೇನೂ ಅಲ್ಲ. ಬಹುತೇಕ ಗಂಡಸರ ದನಿ ಮಗ್ಗಲು ಬದಲಿಸುವುದು 300ರಿಂದ 370ರ ನಡುವೆಯೇ ಎಲ್ಲೋ ಒಂದು ಕಡೆ. ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಎರಡು ಧ್ವನಿತಂತುಗಳಿವೆ. ತಂತು ಅಂದರೂ ಅವು ತಂತಿಯಲ್ಲ, ತುಟಿಯಂಥ ಮಡಿಕೆಗಳು. ಗಂಡಸರಲ್ಲಿ ಎರಡು ಸೆಂಟಿಮೀಟರಿನ ಆಸುಪಾಸು ಉದ್ದ. ಒಳಗಿನ ಒಂದು ಸ್ನಾಯು ಅವನ್ನು ದಪ್ಪ ಮಾಡುತ್ತದೆ, ಹೊರಗಿನ ಇನ್ನೊಂದು ಸ್ನಾಯು ಎಳೆದು ತೆಳ್ಳಗೆ ಮಾಡುತ್ತದೆ. ದಪ್ಪ ಇದ್ದಾಗ ಬರುವುದು ಎದೆ ತುಂಬಿದ ದನಿ, ನಾವು ಗಂಡುದನಿ ಅನ್ನುವುದು. ಮೇಲಿನ ಸ್ವರಕ್ಕೆ ಎಳೆತ ಬೇಕು. ದಪ್ಪವನ್ನೂ ಬಿಡದೆ, ಎಳೆತವನ್ನೂ ಕೂಡಿಸುತ್ತಾ ಹೋದರೆ ಎರಡು ಸ್ನಾಯುಗಳ ನಡುವೆ ಹಗ್ಗಜಗ್ಗಾಟ ಶುರುವಾಗುತ್ತದೆ. ಒಂದು ಹಂತದಲ್ಲಿ ದಪ್ಪ ಹಿಡಿದಿದ್ದ ಸ್ನಾಯು ಕೈಬಿಡುತ್ತದೆ. ದನಿ ಒಡೆಯುವುದು ಆಗ.

ಐವತ್ತು ಕೆಜಿ ಚೀಲ ಹೊತ್ತು ಏಣಿ ಹತ್ತಿದ ಹಾಗೆ ಇದು. ಮೇಲಿನ ಮೆಟ್ಟಿಲಿಗೆ ಇನ್ನಷ್ಟು ಜೋರು ಹಾಕು ಅನ್ನುತ್ತಾರೆ ಹಿರಿಯರು. ಜೋರು ಹಾಕಿದಷ್ಟೂ ಕುತ್ತಿಗೆಯ ನರ ಉಬ್ಬುತ್ತದೆ, ಗದ್ದ ಮೇಲೇಳುತ್ತದೆ, ಗಂಟಲು ಬಿಗಿಯುತ್ತದೆ. ಚೀಲದ ತೂಕ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹತ್ತು ಅಂತ ನಮಗೆ ಹೇಳಿದವರು ಒಬ್ಬರೇ, ಅವರನ್ನು ಊರಲ್ಲಿ ಯಾರೂ ಗಾಯಕ ಅಂತ ಕರೆಯುವುದಿಲ್ಲ.

ಅವರು ನಮ್ಮೂರ ಬಯಲಾಟದಲ್ಲಿ ಸ್ತ್ರೀಪಾತ್ರ ಮಾಡುವವರು. ಈಗ ಅರವತ್ತರ ಹತ್ತಿರ. ದ್ರೌಪದಿ ಮಾಡಿ ಮಾಡಿ ಅವರ ದನಿಗೆ ಹೊಲಿಗೆಯೇ ಇಲ್ಲದ ಹಾಗಾಗಿದೆ. ಕೆಳಗಿನ ಗಡಸು ದನಿಯಿಂದ ಮೇಲಿನ ತೆಳು ದನಿಗೆ ಎಲ್ಲಿ ದಾಟಿದರು ಅಂತ ಗೊತ್ತೇ ಆಗುವುದಿಲ್ಲ. ಊರು ಅದನ್ನು ಕಳ್ಳದನಿ ಅಂತ ಆಡಿಕೊಳ್ಳುತ್ತದೆ. ನಾವು ಕೇಳಲು ಹೋದಾಗ ಮೊದಲು ಅವರಿಗೇ ನಂಬಿಕೆ ಬರಲಿಲ್ಲ. ಆಮೇಲೆ ಅಂದರು, “ತಮ್ಮಾ, ನೀವು ಧ್ವನಿ ಏರಸ್ತೀರಿ. ಏರಸಬ್ಯಾಡ್ರಿ, ಅದನ್ನ ಏರಾಕ ಬಿಡ್ರಿ. ಕಳ್ಳದನಿ ಕಳ್ಳ ಅಲ್ಲ, ನಿಮ್ಮ ಅಣ್ಣತಮ್ಮ ಅದು.”

ಅವರು ಹೇಳಿಕೊಟ್ಟದ್ದು ಹೀಗೆ. ತೆಳು ದನಿಯಲ್ಲಿ ಮೇಲಿನ ‘ಗ’ವನ್ನು ಮೆಲ್ಲಗೆ ಹಿಡಿದು, ‘ಊ’ ಅನ್ನುತ್ತಾ ಜಾರುಬಂಡೆಯ ಹಾಗೆ ಕೆಳಗೆ ಇಳಿಯುವುದು. ಒಡೆಯುವ ಜಾಗ ಬಂದಾಗ ದನಿ ಇನ್ನೂ ಸಣ್ಣ ಮಾಡಿ ದಾಟುವುದು. ಹತ್ತುವುದಕ್ಕಿಂತ ಇಳಿಯುವುದು ಸುಲಭ, ಹಾಗೆ ಇಳಿದು ಇಳಿದು ದಾರಿ ಸವೆದ ಮೇಲೆ ಹತ್ತುವುದು. 108 ಗಾಡಿಯ ಸೈರನ್ ಇದೆಯಲ್ಲ, ಹಾಗೇ. ಜೋರು ಬೇಡವೇ ಬೇಡ. ಪಕ್ಕದ ಕೋಣೆಯಲ್ಲಿ ಮಲಗಿದ ಕೂಸು ಏಳಬಾರದು, ಅಷ್ಟು ಮೆಲ್ಲಗೆ.

ಇನ್ನೆರಡು ರೂಢಿಗಳನ್ನು ನಾವು ವಿಡಿಯೋ ನೋಡಿ ಸೇರಿಸಿಕೊಂಡೆವು. ಒಂದು, ಹುಡುಗರು ಲಾರಿ ಓಡಿಸುವ ಆಟ ಆಡುವಾಗ ತುಟಿ ಪಟಪಟ ಬಡಿಯುತ್ತಾರಲ್ಲ, ಹಾಗೆ ತುಟಿ ಬಡಿಯುತ್ತಾ ಸರಿಗಮ ಏರಿಳಿಯುವುದು. ಇನ್ನೊಂದು, ಲೋಟದ ನೀರಿನಲ್ಲಿ ಎಳನೀರಿನ ಸ್ಟ್ರಾ ಅದ್ದಿ, ಅದರೊಳಗೇ ‘ಊ’ ಅಂತ ಸ್ವರ ಎಳೆಯುವುದು. ಬಾಯಿಯ ದಾರಿ ಅರ್ಧ ಮುಚ್ಚಿದಾಗ ಗಾಳಿಯ ಒತ್ತಡ ಹಿಂದಕ್ಕೆ ತಿರುಗಿ ಧ್ವನಿತಂತುಗಳಿಗೆ ಮೆತ್ತೆ ಇಟ್ಟ ಹಾಗಾಗುತ್ತದೆ, ಅವು ಗಟ್ಟಿಯಾಗಿ ಬಡಿದುಕೊಳ್ಳುವುದಿಲ್ಲ. ಅಮೆರಿಕದ ಧ್ವನಿ ವಿಜ್ಞಾನಿ ಇಂಗೋ ಟಿಟ್ಜೆ ಈ ಸ್ಟ್ರಾ ರೂಢಿಯನ್ನು ಜಗತ್ತಿಗೆಲ್ಲ ಹಬ್ಬಿಸಿದವರು. ಕಂಡಕ್ಟರ್ ಗೆಳೆಯನ ಮನೆಯಲ್ಲಿ ಮಾತ್ರ ಈ ಗುಡುಗುಡು ಸದ್ದಿಗೆ, “ಹುಕ್ಕಾ ಹಚ್ಚೀರೇನ್ರೀ?” ಅಂತ ಅವನ ಹೆಂಡತಿ ಗದರಿದರು. ಅಂದಿನಿಂದ ಅವನ ಸಾಧನೆ ಡಿಪೋದಲ್ಲಿ.

ಬಾಯಿಯ ಆಕಾರದ್ದೂ ಒಂದು ಗುಟ್ಟಿದೆ. ನಮ್ಮ ಪದಗಳು ಮೇಲೆ ಏರಿ ನಿಲ್ಲುವುದು ಬಹಳ ಸಲ ‘ಆ’ಕಾರದ ಮೇಲೆ. ದೇವಾ, ಶಿವಾ, ಗುರುವಾ. ಮೇಲಿನ ಸ್ವರದಲ್ಲಿ ಬಾಯಿ ಅಗಲಿಸಿ ‘ಆ’ ಅಂದರೆ ದನಿ ಕಿರುಚಿದ ಹಾಗೆ ಚಪ್ಪಟೆಯಾಗುತ್ತದೆ. ‘ದೇವಾ’ ಅನ್ನುತ್ತಲೇ ಒಳಗೊಳಗೆ ‘ದೇವೋ’ ಕಡೆಗೆ ಒಂದು ಗುಲಗಂಜಿಯಷ್ಟು ವಾಲಿಸಬೇಕು. ಕೇಳುವವರಿಗೆ ‘ದೇವಾ’ ಅಂತಲೇ ಕೇಳಿಸುತ್ತದೆ, ಹಾಡುವವನಿಗೆ ಒಂದು ಮನೆ ಹಗುರವಾಗುತ್ತದೆ. ಇದೊಂದರಿಂದಲೇ ನಮಗೆ ಸಿಕ್ಕ ಫಲ ಬೇರೆ ಯಾವುದರಿಂದಲೂ ಅಷ್ಟು ಬೇಗ ಸಿಗಲಿಲ್ಲ. ಗದ್ದ ಎತ್ತದಿರುವುದು ಎರಡನೆಯದು. ಮೇಲಿನ ಸ್ವರ ಬಂತೆಂದರೆ ಆಕಾಶ ನೋಡುವುದು ಭಜನೆಯವರ ಜನ್ಮಗುಣ. ಹೊಲ ಮಾಡುವ ಗೆಳೆಯ ಗದ್ದದ ಕೆಳಗೆ ಟವೆಲ್ ಸುತ್ತಿಕೊಂಡು ಎರಡು ತಿಂಗಳು ಕೂತ.

ದಿನಕ್ಕೆ ಇಪ್ಪತ್ತು ನಿಮಿಷ, ಬೆಳಗ್ಗೆ. ಮೊದಲ ಹತ್ತು ನಿಮಿಷ ಕೆಳಗಿನ ಸ್ವರ, ಸಂಗೀತದವರು ಖರಜ ಅನ್ನುವುದು. ಕೆಳಗೆ ದನಿ ಬಿಚ್ಚಿಕೊಳ್ಳದೆ ಮೇಲೆ ಹೋಗುವುದಿಲ್ಲ. ಗಂಟಲಲ್ಲಿ ಸ್ವಲ್ಪ ನೋವು ಕಂಡರೂ ಅವತ್ತಿನದು ಅಲ್ಲಿಗೇ ಬಂದ್.

ಈ ನಡುವೆ ಕಾಕಾನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದದ್ದನ್ನು ಹೇಳಬೇಕು. ಬರಲು ಒಪ್ಪಿರಲಿಲ್ಲ. ಜ್ಯೇಷ್ಠಮಧು, ಕಲ್ಲುಸಕ್ಕರೆ, ಮೆಣಸಿನ ಕಷಾಯ ಎಲ್ಲ ಆಗಿತ್ತು. ಅವು ಗಂಟಲಿಗೆ ಹಿತ, ಸುಳ್ಳಲ್ಲ. ಆದರೆ ನಾವು ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತು ಇರುವುದು ಗಾಳಿಯ ದಾರಿಯಲ್ಲಿ. ಕಷಾಯ ಅದನ್ನು ಮುಟ್ಟುವುದೇ ಇಲ್ಲ. ಕಿವಿ ಮೂಗು ಗಂಟಲಿನ ವೈದ್ಯರು ಸಣ್ಣ ಕ್ಯಾಮೆರಾ ಇಳಿಸಿ ಪರದೆಯಲ್ಲಿ ತೋರಿಸಿದರು. ಎರಡು ತಂತುಗಳ ಅಂಚಿನಲ್ಲೂ ಎದುರುಬದುರು ಒಂದೊಂದು ಸಣ್ಣ ಗಂಟು. ಗುದ್ದಲಿ ಹಿಡಿದ ಅಂಗೈಗೆ ಜಡ್ಡು ಬರುತ್ತದಲ್ಲ, ಅದೇ. ಮೇಲಿನ ‘ಸಾ’ದಲ್ಲಿ ಹತ್ತು ಸೆಕೆಂಡ್ ನಿಂತರೆ ಈ ಎರಡು ಮಡಿಕೆಗಳು ಮೂರು ಸಾವಿರಕ್ಕೂ ಹೆಚ್ಚು ಸಲ ಒಂದಕ್ಕೊಂದು ಬಡಿಯುತ್ತವೆ. ಮೆಲ್ಲಗೆ ಬಡಿದರೆ ಏನೂ ಇಲ್ಲ. ಜೋರು ಹಾಕಿ ಬಡಿಸಿದರೆ, ಅದೂ ಒಂದು ಶ್ರಾವಣವಿಡೀ, ಜಡ್ಡು ಕಟ್ಟುತ್ತದೆ.

ಕ್ಯಾನ್ಸರ್ ಅಲ್ಲ ಅಂತ ಕೇಳಿದ ಮೇಲೆ ಕಾಕಾ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಬಹಳ ಹೊತ್ತು ಕೂತರು. ಆ ಹೆದರಿಕೆಗೇ ಬರದೆ ಇದ್ದರಂತೆ. ಆಪರೇಷನ್ ಬೇಡ, ದನಿಗೆ ವಿಶ್ರಾಂತಿ, ಮಾತಿನ ತರಬೇತಿ, ನೀರು ಹೆಚ್ಚು, ತಂಬಾಕು ಬಂದ್, ಪಿಸುಮಾತೂ ಬೇಡ ಅಂದರು ವೈದ್ಯರು. ಹಾಡಲಿ ಬಿಡಲಿ, ಓದುವ ನಿಮಗೂ ಇದು ಬೇಕಾದ ಮಾತು: ಗಂಟಲು ಕಟ್ಟಿ ಮೂರು ವಾರ ದಾಟಿದರೆ ತೋರಿಸಬೇಕು. ಬೀಡಿ, ಗುಟ್ಕಾ ಇದ್ದವರಂತೂ ಒಂದು ದಿನ ತಡ ಮಾಡಬಾರದು.

ಇಷ್ಟೆಲ್ಲ ಆದರೂ ಕಾಳಿ ಎರಡನ್ನು ಬಿಡಲು ಕಾಕಾ ತಯಾರಿರಲಿಲ್ಲ. ಬರೆದು ತೋರಿಸಿದರು, “ನಮ್ಮ ಗುರುಗಳು ಹಾಕಿಕೊಟ್ಟ ಶ್ರುತಿ.” ಕಾಕಾನ ಗುರುಗಳು ನಾಟಕ ಕಂಪನಿಯಲ್ಲಿ ಹಾಡಿದವರು. ಎಲ್ಲ ಅರ್ಥವಾಗುವುದು ಇಲ್ಲಿಯೇ ಅಂತ ನಮ್ಮ ಅಂದಾಜು. ಮೈಕು ಇಲ್ಲದ ಕಾಲದಲ್ಲಿ ತಗಡಿನ ಥೇಟರಿನಲ್ಲಿ ಕೊನೆಯ ಸಾಲಿನ ನೆಲದ ಗಿರಾಕಿಗೂ ಕೇಳಬೇಕಿತ್ತು. ಎತ್ತರದ ದನಿ ದೂರ ಮುಟ್ಟುತ್ತದೆ, ಗದ್ದಲವನ್ನು ಸೀಳಿಕೊಂಡು ಹೋಗುತ್ತದೆ. ನಮ್ಮ ಧಾರವಾಡದ ಸೀಮೆಯ ದೊಡ್ಡ ಗಾಯಕರು ಹಲವರು ಆ ರಂಗದ ಮೇಲೆ ನಿಂತವರೇ. 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನಸೂರರು ಹುಡುಗರಿದ್ದಾಗ ನಾಟಕ ಕಂಪನಿಯಲ್ಲಿದ್ದರು. ಕುಂದಗೋಳದ ಸವಾಯಿ ಗಂಧರ್ವರು ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ಮಾಡಿ ಹೆಸರಾದವರು.

ಸವಾಯಿ ಗಂಧರ್ವರ ಕತೆ ನಮಗೆ ಈ ತಿಂಗಳುಗಳಲ್ಲಿ ಮತ್ತೆ ಮತ್ತೆ ನೆನಪಾಯಿತು. ಹುಡುಗರಿದ್ದಾಗ ಇಂಪಾಗಿದ್ದ ದನಿ ಹರೆಯಕ್ಕೆ ಬಂದಾಗ ಒಡೆದು ಒರಟಾಯಿತು. ಗುರು ಅಬ್ದುಲ್ ಕರೀಂ ಖಾನರು ವರ್ಷಗಟ್ಟಲೆ ರಿಯಾಜು ಮಾಡಿಸಿ ಅದನ್ನು ತಿದ್ದಿದರು. ಆದರೂ ಕಛೇರಿಯಲ್ಲಿ ಅವರ ಕಂಠ ಕಾಯಲು ಹೊತ್ತು ಹಿಡಿಯುತ್ತಿತ್ತಂತೆ, ಕಾದ ಮೇಲೆ ಮಾತ್ರ ಬೇರೆಯೇ ಮಾತು. ಅದೇ ಕುಂದಗೋಳದ ಮನೆಯಲ್ಲಿ ಕಲಿತ ಭೀಮಸೇನ ಜೋಶಿಯವರ ತುಂಬುದನಿ ಜಗತ್ತೇ ಕೇಳಿತು. ಅಂಥವರೇ ದನಿಗೆ ಇಷ್ಟು ಪುರುಸೊತ್ತು ಕೊಟ್ಟಿರುವಾಗ ತಾಳ ಕುಟ್ಟುವ ನಮ್ಮದೇನು.

ಕಾಕಾನಿಗೆ ಹೇಳಿದ್ದು ಇಷ್ಟೇ. ಗುರುಗಳ ಮುಂದೆ ಮೈಕು ಇರಲಿಲ್ಲ, ನಮ್ಮ ಮುಂದೆ ಎರಡಿವೆ.

ಮೈಕಿನದೂ ಒಂದು ತಕರಾರು ಇತ್ತು. ನಮ್ಮ ಗುಡಿಯ ಹಾರ್ನ್ ಸ್ಪೀಕರುಗಳು ಊರ ಕಡೆ ಮುಖ ಮಾಡಿವೆ. ಹಾಡುವವನಿಗೆ ತನ್ನ ದನಿ ಕೇಳುವುದಿಲ್ಲ, ಕೇಳುವುದು ತಬಲಾ, ತಾಳ ಮಾತ್ರ. ಕೇಳದವನು ಜೋರು ಹಾಕುತ್ತಾನೆ. ಒಂದು ಸಣ್ಣ ಬಾಕ್ಸ್ ತಂದು ನಮ್ಮ ಕಡೆ ತಿರುಗಿಸಿ ಇಟ್ಟೆವು. ಅದು ‘ಕೂಂಯ್’ ಅನ್ನದ ಜಾಗ ಹುಡುಕಲು ಎರಡು ಸೋಮವಾರ ಹೋಯಿತು.

ಏಳು ತಿಂಗಳ ಲೆಕ್ಕ ಹೇಳುತ್ತೇವೆ. ನಮ್ಮ ಗಂಡುದನಿ 330ರಿಂದ 370ಕ್ಕೆ ಬಂತು, ಅಂದರೆ ಪೇಟಿಯ ಎರಡು ಮನೆ. ಅಷ್ಟೇ. ಒಂದು ತಿಂಗಳಲ್ಲಿ ಒಂದು ಸಪ್ತಕ ಏರಿಸುತ್ತೇವೆ ಅನ್ನುವ ವಿಡಿಯೋಗಳನ್ನು ನಂಬಬೇಡಿ. ಶೇಂಗಾ ವ್ಯಾಪಾರದವನಿಗೆ ಒಂದೇ ಮನೆ ದಕ್ಕಿತು, ಅವನು ದಿನಾ ಸಂತೆಯಲ್ಲಿ ಕೂಗಿ ಮಾರುವವನು. ಕಾಳಿ ಎರಡರ ‘ಗ’ಕ್ಕೆ 392 ಬೇಕು. ನಮಗೆ ಇನ್ನೂ ಒಂದು ಮನೆ ಕಡಿಮೆ. ಅದನ್ನು ಎಳೆದಾಡಿ ಮುಟ್ಟುವ ಬದಲು ಪೇಟಿಯನ್ನೇ ಎರಡು ಮನೆ ಇಳಿಸಿದೆವು. ಕಾಳಿ ಒಂದರಲ್ಲಿ ಆ ‘ಗ’ 349. ಈಗ ನಮ್ಮ ಕೈಯಲ್ಲಿ ಒಂದು ಮನೆ ಉಳಿತಾಯ ಇರುತ್ತದೆ, ರಾತ್ರಿ ಎರಡು ಗಂಟೆಯ ಪದಕ್ಕೂ.

ಇಳಿಸುವುದು ಹೇಳಿದಷ್ಟು ಸಸಾರವಲ್ಲ. ನಮ್ಮ ಪೇಟಿ ಮಾಸ್ತರರ ಬೆರಳು ನಲವತ್ತು ವರ್ಷ ಕಾಳಿ ಎರಡರಲ್ಲೇ ಓಡಾಡಿದೆ. ‘ಸಾ’ ಬದಲಾದರೆ ಪ್ರತಿ ಪದಕ್ಕೂ ಬೆರಳಿನ ದಾರಿಯೇ ಬದಲು. ಸ್ಕೇಲ್ ಚೇಂಜರ್ ಪೇಟಿ ಇದ್ದರೆ ಪಟ್ಟಿ ಜರುಗಿಸಿದರೆ ಮುಗಿಯಿತು, ಅದರ ರೊಕ್ಕ ನಮ್ಮ ಮೇಳದ ಡಬ್ಬಿಯಲ್ಲಿ ಇಲ್ಲ. ತಬಲಾದವ ಸುತ್ತಿಗೆ ಹಿಡಿದು ಒಂದು ತಾಸಿನಲ್ಲಿ ಕೆಲಸ ಮುಗಿಸಿದ. ಮಾಸ್ತರರು ಮಾತ್ರ ಸಿಟ್ಟಿನಲ್ಲಿ ಮೂರು ವಾರ ಭಜನೆಗೇ ಬರಲಿಲ್ಲ. “ಈ ವಯಸ್ಸಿನ್ಯಾಗ ನನ್ನನ್ನ ಒಂದನೇ ಇಯತ್ತಾಕ್ಕ ಕೂಡಸ್ತೀರೇನು?” ಅಂದರು. ನಾಲ್ಕನೇ ವಾರ ಪೇಟಿಯನ್ನು ಮನೆಗೆ ಹೊತ್ತು ಒಯ್ದರು. ಅವರ ಸೊಸೆ ಹೇಳಿದ ಪ್ರಕಾರ ರಾತ್ರಿ ಊಟವಾದ ಮೇಲೆ ಬಾಗಿಲು ಹಾಕಿಕೊಂಡು ಬಾರಿಸುತ್ತಿದ್ದರಂತೆ. ಯುಗಾದಿಯ ಹೊತ್ತಿಗೆ ಹದಿನಾಲ್ಕು ಪದ ಕಾಳಿ ಒಂದಕ್ಕೆ ಬಂದವು. ಈ ಮೇಳದಲ್ಲಿ ನಿಜವಾದ ಸಾಧನೆ ಅಂತ ಒಂದಿದ್ದರೆ ಅದು ಅವರದೇ.

ಕಟ್ಟೆಯ ಮೇಲಿನವರು? ಮೊದಲ ಸೋಮವಾರ ಒಬ್ಬರಿಗೂ ಗೊತ್ತಾಗಲಿಲ್ಲ. ಎರಡನೇ ಸೋಮವಾರ, “ಪದ ಛಲೋ ಕೇಳಸಾಕ್ಹತ್ಯಾವಲ್ಲ, ಹೊಸಾ ಮೈಕೇನು?” ಅಂದರು. ನಾವು ಹೂಂ ಅಂದೆವು.

ಕಾಕಾನ ಗಂಟು ಕರಗುತ್ತಾ ಬಂದಿದೆ ಅಂತ ಹೋದ ತಿಂಗಳ ತಪಾಸಣೆಯಲ್ಲಿ ಹೇಳಿದ್ದಾರೆ. ಈಗ ಅವರು ಕೆಳಗಿನ ಸೊಲ್ಲು ಮಾತ್ರ ಹಾಡುತ್ತಾರೆ, ಮೇಲಿನದು ನಾವು ಇಬ್ಬಿಬ್ಬರು ಪಾಳಿಯಲ್ಲಿ. ಯಾರಾದರೂ ಗದ್ದ ಎತ್ತಿದರೆ ತಾಳದ ಅಂಚಿನಿಂದ ಮೊಣಕಾಲಿಗೆ ಕುಟ್ಟುತ್ತಾರೆ.

ಕಾರಹುಣ್ಣಿಮೆ ಮುಗಿಯಿತು, ಶ್ರಾವಣಕ್ಕೆ ಇನ್ನು ಹೆಚ್ಚು ದಿನ ಇಲ್ಲ. ಕಾಕಾನ ಮೊಮ್ಮಗನಿಗೆ ಹದಿನಾಲ್ಕು. ಹೋದ ವರ್ಷದ ತನಕ ಕಾಳಿ ಎರಡರಲ್ಲಿ ಅಜ್ಜನಿಗಿಂತ ಮೇಲೆ ಹಾಡುತ್ತಿದ್ದ ಹುಡುಗ. ಈಗ ಮಾತಿನ ನಡುವೆಯೇ ದನಿ ಎತ್ತಿನಗಾಡಿ ಹಳ್ಳಕ್ಕೆ ಇಳಿದ ಹಾಗೆ ಕುಲುಕುತ್ತದೆ. ನಾಚಿಕೆಗೆ ಗುಡಿಗೆ ಬರುವುದನ್ನೇ ಬಿಟ್ಟಿದ್ದ. ಮನೆಯವರು ಮೇಲಿನದನ್ನೇ ಹಾಡಿಸಿ ಗಟ್ಟಿ ಮಾಡಬೇಕು ಅನ್ನುತ್ತಿದ್ದರು. ಬೇಡ ಅಂದವರು ಕಾಕಾ. ಸದ್ಯ ಅವನ ಕೈಯಲ್ಲಿ ದಮ್ಮಡಿ ಕೊಟ್ಟು ನಮ್ಮ ಸಾಲಿನಲ್ಲೇ ಕೂರಿಸಿಕೊಂಡಿದ್ದೇವೆ. ಕೆಳಗಿನ ಸೊಲ್ಲು ಬಂದಾಗ ತುಟಿ ಆಡಿಸುತ್ತಾನೆ. ಸ್ತ್ರೀಪಾತ್ರದ ಹಿರಿಯರು ಅವನಿಗೂ ಒಂದು ಸ್ಟ್ರಾ ಕೊಟ್ಟು ಹೋಗಿದ್ದಾರೆ.